ತಿಕೋಟಾದಲ್ಲಿ ನಾವು ಹುಡುಕಿದ ಮನೆ

ಬೆಳಿಗ್ಗೆ ಏಳಕ್ಕೆ ನಾಷ್ಟಾಕ್ಕೆ ಕರೆಯಲು ಹೋದೆ. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಸುಲಾಸ್ತ್ರಿಯವರು ನನಗೆ ಬೆನ್ನು ಮಾಡಿ ಮಂಚದ ಮೇಲೆ ಕೂತಿದ್ದರು. ಪಕ್ಕದಲ್ಲಿ ಅವರ ಬಟ್ಟೆಯ ಚೀಲ ಬರಿದಾಗಿ ಬಿದ್ದಿತ್ತು. ಪಾಸ್‌ಪೋರ್ಟು, ಪರ್ಸು, ಕನ್ನಡಕ, ಬಾಚಣಿಗೆ, ಗುಳಿಗೆಗಳು — ಎಲ್ಲವೂ ಚಾದರದ ಮೇಲೆ ಹರಡಿದ್ದವು.

“ಇಬು,” ಎಂದೆ. ಅವರ ದೇಶದಲ್ಲಿ ಹಿರಿಯ ಹೆಂಗಸರನ್ನು ಹಾಗೆ ಕರೆಯುತ್ತಾರೆ. ತಾಯಿ ಎಂದು ಅರ್ಥ.

ಉತ್ತರವಿಲ್ಲ. ಇನ್ನೊಮ್ಮೆ ಕರೆದೆ. ಮೂರನೆಯ ಸಲ ಹೆಗಲು ಮುಟ್ಟಿದೆ. ಅವರು ಬೆಚ್ಚಿ ತಿರುಗಿದರು, ಗಡಿಬಿಡಿಯಿಂದ ತಲೆವಸ್ತ್ರವನ್ನು ಕಿವಿಯ ಮೇಲೆ ಎಳೆದುಕೊಂಡರು. ಕಣ್ಣು ಕೆಂಪಾಗಿದ್ದವು. ಮೊಬೈಲ್ ತೆಗೆದು ಇಂಗ್ಲಿಷಿನಲ್ಲಿ ಏನೋ ಟೈಪ್ ಮಾಡಿ ನನ್ನ ಮುಂದೆ ಹಿಡಿದರು.

“ನನ್ನ ಕಿವಿಯ ಯಂತ್ರಗಳು ಇಲ್ಲ. ಅವಿಲ್ಲದೆ ನನಗೆ ಏನೂ ಕೇಳಿಸುವುದಿಲ್ಲ.”

ನಾನು ಎರಡು ಸಲ ಓದಿದೆ. ಇಂಡೋನೇಷ್ಯಾದ ಈ ಸಂಗೀತ ಶಿಕ್ಷಕಿ ನನಗೆ ಮೂರು ವರ್ಷದ ಪರಿಚಯ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನಾನು ಆನ್‌ಲೈನ್ ತರಬೇತಿಯೊಂದರಲ್ಲಿ ಅವರ ಮಗಳ ಗೆಳತಿಯಾಗಿದ್ದೆ. ಆಮೇಲೆ ತಾಯಿಯೂ ಗೆಳತಿಯಾದರು. ಕಿವಿಯ ವಿಷಯ ಅವರು ಒಮ್ಮೆಯೂ ಬರೆದಿರಲಿಲ್ಲ.

ಅವರ ಮೊಬೈಲ್ ತೆಗೆದುಕೊಂಡು ಬರೆದೆ — ಕೊನೆಗೆ ಯಾವಾಗ ನೋಡಿದಿರಿ?

“ನಿನ್ನೆ ಸಂಜೆ. ಡೊಳ್ಳಿನ ಕಾರ್ಯಕ್ರಮ ಮುಗಿದ ಮೇಲೆ ಕಿವಿಯಿಂದ ತೆಗೆದು ಡಬ್ಬಿಯಲ್ಲಿಟ್ಟೆ. ಡಬ್ಬಿಯನ್ನು ಚೀಲದಲ್ಲಿಟ್ಟೆ.”

ಚೀಲ ಯಾರ ಹತ್ತಿರ ಇತ್ತು?

ಅವರ ಬೆರಳು ತಡೆಯಿತು. ಆಮೇಲೆ ಬರೆದರು — “ಊಟದ ಹೊತ್ತಿಗೆ ಆ ತಾಯಿ ಹಿಡಿದುಕೊಂಡಿದ್ದರು.”

ಆ ತಾಯಿ ಎಂದರೆ ತಿಕೋಟಾದ ಬೋರವ್ವ. ಅವಳ ಮಗ ಅಮೋಘಿ ಕುರಿ ಕಾಯುತ್ತಾನೆ, ಡೊಳ್ಳಿನ ಮೇಳ ಕಟ್ಟಿ ಹಾಡುತ್ತಾನೆ. ಮಗಳು ಕಸ್ತೂರಿ ನನ್ನ ವಿದ್ಯಾರ್ಥಿನಿ. ವಿದೇಶದಿಂದ ದೊಡ್ಡ ಸಂಗೀತ ಶಿಕ್ಷಕಿ ಬರುತ್ತಾರೆ ಎಂದು ನಾನು ಹೇಳಿದ್ದಕ್ಕೆ ಅವರು ಮನೆಯ ಅಂಗಳದಲ್ಲೇ ಹಾಡಿಕೆ ಇಟ್ಟು, ರೊಟ್ಟಿ ಊಟ ಹಾಕಿ ಕಳಿಸಿದ್ದರು.

ಡಬ್ಬಿ ಹೇಗಿತ್ತು ಎಂದು ಬರೆದು ಕೇಳಿದೆ. ಇಬು ಪೆನ್ಸಿಲಿನಿಂದ ಒಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು: ಲಿಂಬೆಹಣ್ಣಿನ ಗಾತ್ರದ ಉದ್ದುದ್ದ ಡಬ್ಬಿ, ಒಳಗೆ ಎರಡು ಅವರೆಕಾಳಿನಂಥವು.

ಅಷ್ಟರಲ್ಲಿ ನನ್ನ ಗಂಡ ಫಯಾಜ ಚಹಾ ತಂದರು. ನಾವಿರುವ ಜಲನಗರದ ಹತ್ತಿರದ ಒಂದು ಖಾಸಗಿ ಶಾಲೆಯ ಕಚೇರಿಯಲ್ಲಿ ಅವರು ಗುಮಾಸ್ತರು. ಹಿಂದಿನ ದಿನ ಗೆಳೆಯನ ಕಾರು ತಂದು ನಮ್ಮನ್ನೆಲ್ಲ ಸುತ್ತಾಡಿಸಿದ್ದರು.

“ಇಬುದು ಕಿವಿ ಮಷೀನು ಕಳದಾವಂತ್ರಿ,” ಎಂದೆ.

“ಮಷೀನು?”

“ಕಿವಿ ಕೇಳೂ ಮಷೀನು. ಅವಿಲ್ಲಂದ್ರ ಅವರಿಗೆ ಏನೂ ಕೇಳೂದಿಲ್ಲಂತ.”

ಅವರು ಚಹಾದ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಸ್ವಲ್ಪ ಚೆಲ್ಲಿತು. “ಕಿವಿ ಕೇಳೂ ಮಷೀನು?” ಎಂದು ಮತ್ತೊಮ್ಮೆ ಕೇಳಿದರು.

“ಹೌದ್ರಿ. ಚೀಲ ಬೋರವ್ವನ ಕೈಯಾಗ ಇತ್ತು. ನಡೀರಿ, ತಿಕೋಟಾಕ್ಕ ಹೋಗೂಣು.”

“ಬ್ಯಾಡ ಬಿಡು. ಎಲ್ಲೋ ಬಿದ್ದಿರ್ತಾವು. ಹೊಸಾವು ಕೊಡ್ಸೂಣು.”

“ಎಲ್ಲಿಂದ ಕೊಡ್ಸೂದು? ನಾಳೆ ಸಂಜೀಕ ಅವ್ರು ಹೈದರಾಬಾದಿಗೆ ಹೋಗಬೇಕು. ನಮ್ಮ ಮನಿಗೆ ಬಂದ ಮೆಹಮಾನ್ರು ಕಿವುಡರಾಗಿ ವಾಪಸ್ ಹೋಗ್ಬೇಕೇನು?”

ಅವರು ಕೀಲಿ ತೆಗೆದುಕೊಂಡು ಹೊರಗೆ ನಡೆದರು.

ಒಂಬತ್ತಕ್ಕೆ ನಾವಿಬ್ಬರೂ ತಿಕೋಟಾದ ಆ ಓಣಿಯಲ್ಲಿದ್ದೆವು. ಬೋರವ್ವ ಹೊರಗೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ನಮ್ಮನ್ನು ನೋಡಿ ನಕ್ಕಳು. “ಬರ್ರಿ ಅಕ್ಕಾರ. ಮೆಹಮಾನ್ರು ಬರ್ಲಿಲ್ಲೇನ್ರಿ?”

ನಾನು ಕೂರಲಿಲ್ಲ. ವಿಷಯ ಹೇಳಿದೆ.

“ನನಗ ಗೊತ್ತಿಲ್ಲವ್ವಾ. ಚೀಲ ಹಿಡ್ಕೊಂಡಿದ್ದೆ, ಅವ್ರ ಕೈಗೇ ಕೊಟ್ಟೇನಿ.”

“ಚೀಲ ನಿಮ್ಮ ಕೈಯಾಗ ಇತ್ತು. ಮತ್ತ ಯಾರು ತಗೋತಾರ?”

ನನ್ನ ದನಿ ಏರಿತ್ತು. ಎದುರು ಮನೆಯ ಬಾಗಿಲು ತೆರೆಯಿತು. ನೀರು ತುಂಬುತ್ತಿದ್ದ ಹೆಂಗಸರು ಕೊಡ ಇಳಿಸಿ ನಿಂತರು.

“ಮನಿ ಒಳಗ ನೋಡ್ತೀವಿ,” ಎಂದೆ. ಇದನ್ನು ಬರೆಯುವಾಗಲೂ ನನ್ನ ಕೈ ಹಿಂಜರಿಯುತ್ತದೆ. ಯಾರೂ ನನಗೆ ಹಾಗೆ ಮಾಡು ಎಂದಿರಲಿಲ್ಲ.

ಅಮೋಘಿ ಒಳಗಿಂದ ಬಂದ. ನಮ್ಮನ್ನೂ ತಾಯಿಯನ್ನೂ ನೋಡಿದ. “ನೋಡ್ಕೋರಿ,” ಎಂದಷ್ಟೇ ಹೇಳಿ ಬಾಗಿಲಿನಿಂದ ಸರಿದು ನಿಂತ.

ಬೋರವ್ವ ತಾನೇ ಕೌದಿಗಳನ್ನು ಕೊಡವಿದಳು, ಟ್ರಂಕು ತೆಗೆದಳು, ಜೋಳದ ಚೀಲಕ್ಕೆ ಕೈ ಹಾಕಿ ತಿರುವಿದಳು. ಹುಡುಕುತ್ತ ಹುಡುಕುತ್ತ ಕೇಳಿದಳು, “ಹೆಂಗೈತ್ರಿ ಅದು? ನಾ ಎಂದೂ ಕಂಡಿಲ್ಲ.”

“ಬಿಳಿ ಡಬ್ಬಿ,” ಎಂದರು ಫಯಾಜ. “ಮುಚ್ಚಳ ತೆಗದ್ರ ಹಸರ ದೀಪ ಹತ್ತತೈತಿ.”

ಏನೂ ಸಿಗಲಿಲ್ಲ. ಕಸ್ತೂರಿ ಒಲೆಯ ಪಕ್ಕ ನಿಂತಿದ್ದಳು. ನನ್ನ ತರಗತಿಯಲ್ಲಿ ಮೊದಲ ಸಾಲಿನಲ್ಲಿ ಕೂರುವ ಹುಡುಗಿ. ನಾನು ಹೊರಡುವಾಗ ಅವಳು ಮುಖ ಆಚೆ ತಿರುಗಿಸಿದಳು.

ಮಧ್ಯಾಹ್ನದೊಳಗೆ ಅವಳಿಂದ ಫೋನು ಬಂತು. ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ.

“ಮೇಡಂ, ಕನಮಡಿಯಾಗ ನಾಡಿದ್ದು ನಮ್ಮ ಅಣ್ಣನ ಹಾಡಿಕಿ ಇತ್ತರಿ. ಬರಬ್ಯಾಡ ಅಂತ ಅಲ್ಲಿ ಹಿರಿಯಾರು ಹೇಳಿ ಕಳಿಸ್ಯಾರ. ಕಳ್ಳರ ಮೇಳ ನಮಗ ಬ್ಯಾಡ ಅಂದಾರಂತ. ನಿಮಗ ಹೇಳ್ಬೇಕು ಅನಿಸ್ತು.”

ಅಷ್ಟಾದರೂ ನನ್ನ ಅನುಮಾನ ಹೋಗಲಿಲ್ಲ. ಡಬ್ಬಿ ಅಲ್ಲಲ್ಲದೆ ಮತ್ತೆಲ್ಲಿರಬೇಕು? ನನ್ನ ತಾಯಿಯ ತಂಗಿ ಪೀರಾಂಬಿ ಖಾಲಾಗೆ ಫೋನು ಮಾಡಿದೆ. ಮೂವತ್ತೆರಡು ವರ್ಷ ಪೊಲೀಸ್ ಇಲಾಖೆಯಲ್ಲಿದ್ದು ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಮೊಣಕಾಲು ನೋವು, ಸಕ್ಕರೆಯಿಲ್ಲದ ಚಹಾ, ಮೆಲ್ಲನೆಯ ಮಾತು. ನಾವು ಮನೆಯಲ್ಲಿ ಉರ್ದು ಆಡಿದರೂ, ವಿಚಾರಣೆಯ ಮಾತು ಬಂದರೆ ಅವರು ಕನ್ನಡಕ್ಕೆ ಹೊರಳುತ್ತಾರೆ. ಠಾಣೆಯ ಅಭ್ಯಾಸ.

“ಖಾಲಾ, ನೀವು ಒಂದಿಷ್ಟು ಗದರಿಸಿದ್ರ ಬೋರವ್ವ ಕೊಟ್ಟುಬಿಡ್ತಾಳ,” ಎಂದೆ.

“ಮೊದಲ ಆಕಿನ್ನ ನೋಡಿ ಬರ್ತೀನಿ,” ಎಂದರು.

ಬಸ್ಸಿನಲ್ಲಿ ಒಬ್ಬರೇ ತಿಕೋಟಾಕ್ಕೆ ಹೋಗಿ, ನಾಲ್ಕರ ಹೊತ್ತಿಗೆ ನಮ್ಮ ಮನೆಗೆ ಬಂದರು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಕಾಲು ಚಾಚಿದರು. ಇಬು ಎದುರಿಗೆ ಕೂತಿದ್ದರು. ಫಯಾಜ ಅಡುಗೆಮನೆಯಲ್ಲಿ ಚಹಾಕ್ಕಿಟ್ಟಿದ್ದರು.

“ಕೊಟ್ಟಳೇನು?” ನಾನು ಕೇಳಿದೆ.

“ರೊಟ್ಟಿ ಕೊಟ್ಟಳು. ತಿಂದು ಬಂದೆ.” ಖಾಲಾ ನನ್ನ ಕಡೆ ತಿರುಗಿದರು. “ನಿನ್ನಿ ದಿನ ಹೇಳು. ಎದ್ದಾಗಿಂದ. ಬರೇ ನಡದದ್ದು.”

“ಮೊದಲ ಗೋಳಗುಮ್ಮಟಕ್ಕ ಹೋದಿವಿ.”

“ಅಲ್ಲಿ ಏನಾತು?”

“ಏನೂ ಆಗ್ಲಿಲ್ಲ. ಮ್ಯಾಲ ಗ್ಯಾಲರಿಯಾಗ ನಮ್ಮ ಮನಿಯವ್ರು ಆ ಕಡಿ ಗ್ವಾಡಿಗೆ ನಿಂತು ಸಣ್ಣಗ ಇಬು ಹೆಸರು ಕರದ್ರು. ಈ ಕಡಿಂದ ಇಬು ಓಗೊಟ್ರು. ಖುಷಿಯಾಗಿದ್ರು.”

“ಅಂದ್ರ ಪಿಸುಮಾತು ಕೇಳಿಸ್ತು?”

“ಕೇಳಿಸ್ತು.”

“ಆಮ್ಯಾಲ?”

“ಯಾವುದೋ ಸಾಲಿ ಹುಡುಗ್ರ ಟ್ರಿಪ್ ಬಂತು. ಸೀಟಿ, ಕಿರಚಾಟ. ಒಂದೊಂದು ದನಿ ಏಳೇಳು ಸಲ. ಇಬು ಎರಡೂ ಕಿವಿ ಒತ್ತಿ ಹಿಡ್ಕೊಂಡು ಗ್ವಾಡಿ ಕಡೆ ತಿರುಗಿ ನಿಂತ್ರು. ತಲೆವಸ್ತ್ರ ಸರಿ ಮಾಡ್ಕೊಂಡ್ರು. ಇಳದು ಬಂದಿವಿ.”

“ಅಲ್ಲಿಂದ?”

“ಇಬ್ರಾಹಿಂ ರೋಜಾ. ಅಲ್ಲಿಂದ ಶುರು ಆತು ನೋಡ್ರಿ ಎಡವಟ್ಟು. ಮೆಟ್ಟಿಲೈತಿ ಅಂತ ಒದರಿದೆ, ಆದ್ರೂ ಇಬು ಎಡವಿ ಬಿದ್ದು ಮೊಣಕಾಲು ತರಚಿಕೊಂಡ್ರು. ಹೊರಗ ಬಂದು ಯಾರದೋ ಚಪ್ಪಲಿ ಮೆಟ್ಕೊಂಡು ಹೊಂಟ್ರು. ಚಪ್ಪಲಿಯಾಕಿ ಹಿಂದಿಂದ ಕರೀತಾಳ, ಕರೀತಾಳ — ಇಬು ತಿರುಗಿ ನೋಡ್ಲಿಲ್ಲ.”

“ಮುಂದ?”

“ಬಬಲೇಶ್ವರ ಹಾದ್ಯಾಗ ಕಾರು ಪಂಕ್ಚರ್. ನಾನು, ಇಬು ಬೇವಿನ ಗಿಡದ ಕೆಳಗ ಕುಂತಿವಿ. ನಮ್ಮ ಮನಿಯವ್ರು ಡಿಕ್ಕಿಯಾಗಿನ ಚೀಲಾ ಎಲ್ಲಾ ತೆಗದಿಟ್ಟು ಸ್ಟೆಪ್ನಿ ಹಾಕಿದ್ರು. ಅರ್ಧಾ ತಾಸು ಹೋತು.”

“ಇಬು ಚೀಲ?”

“ಅದೂ ಡಿಕ್ಕಿಯಾಗ ಇತ್ತು. ಮೊಣಕಾಲು ನೋವು ಅಂತ ಅಲ್ಲೇ ಇಟ್ಟಿದ್ರು.”

“ಬಬಲೇಶ್ವರದಾಗ?”

ನಾನು ಮುಂದಿನದನ್ನು ಹೇಳಲು ಅನುಮಾನಿಸಿದೆ. ಹಿಂದಿನ ದಿನ ಅದನ್ನೆಲ್ಲ ನಗುತ್ತ ಸಹೋದ್ಯೋಗಿಗಳ ಗ್ರೂಪಿಗೆ ಬರೆದು ಹಾಕಿದ್ದೆ.

“ಸಂತ್ಯಾಗ ಕಬ್ಬಿನಹಾಲು ಕುಡಿಯಾಕ ನಿಂತಾಗ, ಐಸ್ ಬೇಕೇನು ಅಂತ ಕೇಳಿದೆ. ನನ್ನ ಗಂಡ ತೀರ್ಕೊಂಡು ಎಂಟು ವರ್ಷ ಆತು ಅಂದ್ರು. ಆಮ್ಯಾಲ ರಸ್ತೆ ನಡುವ ನಿಂತುಬಿಟ್ರು, ಆಟೋದಾವ ಹಾರ್ನ್ ಹೊಡದ್ರೂ ಸರೀಲಿಲ್ಲ. ಕೈ ಹಿಡದು ಎಳದೆ.”

“ಮತ್ತೇನರ?”

“ಕುರಿ ಕೊಳ್ಳಾಗ ಕಟ್ಟೂ ಗಂಟಿ ಮಾರಾಕ ಇಟ್ಟಿದ್ರು. ಒಂದೊಂದು ಎತ್ತಿ ಕಿವಿ ಹಂತೇಲಿ ಅಲಗ್ಯಾಡಿಸಿದ್ರು. ಅದಕ್ಕಂತನೇ ಬಂದಿದ್ರು ಖರೆ, ಒಂದೂ ತಗೋಲಿಲ್ಲ. ಕಣ್ಣಾಗ ನೀರು. ಧೂಳು ಹೋಗೇತಿ ಅಂದ್ರು.”

“ತಿಕೋಟಾದಾಗ?”

“ಡೊಳ್ಳು ಬಾರಿಸೂ ಮುಂದ ಅಮೋಘಿ ಮಗ್ಗಲಕ ಹೋಗಿ ಕುಂತು, ಡೊಳ್ಳಿನ ಮೈ ಮ್ಯಾಲ ಎರಡೂ ಅಂಗೈ ಇಟ್ರು. ಹಾಡು ಮುಗಿಯೂ ತನಕ ತೆಗೀಲಿಲ್ಲ. ಮಂದಿ ಎಲ್ಲಾ, ಎಂಥಾ ರಸಿಕರು ಅಂದ್ರು.”

ಖಾಲಾ ಚಾಚಿದ ಕಾಲು ಮಡಚಿದರು.

“ಇರ್ಫಾನಾ, ನೀನು ಮಾಸ್ತರಿಕಿ ಮಾಡಾಕಿ. ನೀ ಹೇಳಿದ್ದನ್ನ ನೀನ ಕೇಳಿಸ್ಕೊಂಡ್ಯೇನು? ಗುಮ್ಮಟದಾಗ ಪಿಸುಮಾತು ಕೇಳಿಸ್ಕೊಂಡಾಕಿಗೆ, ರೋಜಾದಾಗ ಒದರಿದ್ದು ಕೇಳ್ಲಿಲ್ಲ. ಆಟೋ ಹಾರ್ನ್ ಕೇಳ್ಲಿಲ್ಲ. ಮುಂಜಾನಿ ಒಂದೂ ಎಡವಟ್ಟಿಲ್ಲ, ಆದದ್ದೆಲ್ಲಾ ಗುಮ್ಮಟದಿಂದ ಇಳದ ಮ್ಯಾಲ. ಯಾಕ?”

ನನಗೆ ಉತ್ತರ ಹೊಳೆಯಿತು.

“ಆ ಗದ್ದಲ ಮಷೀನಿನಾಗ ಇನ್ನೂ ಜೋರಾಗಿ ಕೇಳಿರಬೇಕು. ತಲಿ ಸಿಡಿದಂಗ ಆಗಿ ತೆಗದು ಡಬ್ಬಿಯಾಗ ಇಟ್ಟಾರ. ತಲೆವಸ್ತ್ರ ಸರಿ ಮಾಡ್ಕೊಂಡ್ರು ಅಂದ್ಯಲ್ಲ, ಅದು ಅದೇ. ಆಮ್ಯಾಲ ಅವು ಕಿವಿಗೆ ವಾಪಸ್ ಬಂದೇ ಇಲ್ಲ. ತಿಕೋಟಾದಾಗ ಈಕಿ ಡೊಳ್ಳು ಕೇಳಿದ್ದು ಅಂಗೈಲೆ. ಕೇಳು ಬೇಕಾದ್ರ. ಬರದು ಕೇಳು — ಸಂತ್ಯಾಗ ಗಂಟಿ ಸಪ್ಪಳ ಕೇಳಿಸ್ತೇನು ಅಂತ.”

ನಾನು ಬರೆದೆ. ಇಬು ಆ ಒಂದು ಸಾಲನ್ನು ಬಹಳ ಹೊತ್ತು ಓದಿದರು. ಆಮೇಲೆ ಮೊಬೈಲ್ ತೆಗೆದುಕೊಂಡು ನಿಧಾನವಾಗಿ ಟೈಪ್ ಮಾಡಿದರು.

“ಇಲ್ಲ. ಸಂತೆಯಲ್ಲಿ ಹಾಕಿಕೊಳ್ಳಲು ಹುಡುಕಿದೆ. ಡಬ್ಬಿ ಆಗಲೇ ಇರಲಿಲ್ಲ. ಮೂವತ್ತೊಂದು ವರ್ಷ ಮಕ್ಕಳಿಗೆ ಕಂಚಿನ ವಾದ್ಯ ಕಲಿಸಿದೆ. ಕಿವಿ ಹೋದ ಮೇಲೆ ಮಗಳಿಗೆ ಬಿಟ್ಟು ಯಾರಿಗೂ ಹೇಳದೆ ಕೆಲಸ ಬಿಟ್ಟೆ. ನೀನು ಅವರಿಗೆಲ್ಲ ದೊಡ್ಡ ಸಂಗೀತ ಶಿಕ್ಷಕಿ ಬರುತ್ತಾರೆ ಎಂದು ಹೇಳಿದ್ದೆ. ನಾನು ಕಿವುಡಿ ಎಂದು ಅವರ ಮುಂದೆ ಹೇಗೆ ಹೇಳಲಿ? ಅವು ರಾತ್ರಿ ಕಳೆದುಹೋದವು ಎಂದರೆ, ಸಂಜೆಯೆಲ್ಲ ಏನೂ ಕೇಳಿಸದೆ ಕೂತಿದ್ದೆ ಎಂದು ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡೆ. ಆ ತಾಯಿ ಕದ್ದರು ಎಂದು ನಾನು ಬರೆಯಲಿಲ್ಲ. ಚೀಲ ಹಿಡಿದಿದ್ದರು ಎಂದು ಬರೆದೆ. ನೀನು ಏನು ತಿಳಿಯುತ್ತೀ ಎಂದು ನನಗೆ ಗೊತ್ತಿತ್ತು.”

ನಾನು ಓದಿ ಖಾಲಾಗೆ ಕನ್ನಡದಲ್ಲಿ ಹೇಳಿದೆ. ಇಬು ತಲೆ ಎತ್ತಲಿಲ್ಲ.

“ಹಂಗಾರ ಸಂತ್ಯಾಗ ಯಾರರ—” ಎಂದು ನಾನು ಶುರು ಮಾಡಿದೆ.

“ಸಂತ್ಯಾಗಿನ ಕಳ್ಳ ಪರ್ಸ್ ಬಿಟ್ಟು ಡಬ್ಬಿ ತಗೋತಾನೇನು? ಪಾಸ್‌ಪೋರ್ಟ್ ಐತಿ, ಪರ್ಸ್ ಐತಿ. ಮತ್ತ ಸಂತಿ ಮುಟ್ಟೂದ್ರಾಗೇ ಡಬ್ಬಿ ಹೋಗಿತ್ತು ಅಂತ ಇಬುನೇ ಹೇಳ್ಯಾಳ. ಆಕಿ ಬರದು ಕೊಟ್ಟ ಚಿತ್ರ ಎಲ್ಲೈತಿ?”

ತಂದು ಕೊಟ್ಟೆ. ಖಾಲಾ ಅದನ್ನು ಬೆಳಕಿಗೆ ಹಿಡಿದರು.

“ಪೆನ್ಸಿಲ್ ಚಿತ್ರ. ಇದರಾಗ ಬಣ್ಣ ಐತೇನು?”

“ಇಲ್ಲ.”

“ದೀಪ?”

“ಇಲ್ಲ.”

“ಬಿಳಿ ಡಬ್ಬಿ, ಹಸರ ದೀಪ ಅಂತ ಇಬು ನಿನಗ ಹೇಳಿದ್ಲೇನು?”

“ಇಲ್ಲ, ಖಾಲಾ.”

“ನಾ ಹೋದಾಗ ಬೋರವ್ವ ಇನ್ನೂ ಹುಡುಕಾಕತ್ತಿದ್ಲು. ಏನು ಹುಡುಕ್ತಿ ಅಂದೆ. ಬಿಳಿ ಡಬ್ಬಿ ಅಂತ್ರಿ, ಮುಚ್ಚಳ ತೆಗದ್ರ ಹಸರ ದೀಪ ಹತ್ತತೈತಂತ ಅಂದ್ಲು. ಯಾರು ಹೇಳಿದ್ರು ಅಂತ ಕೇಳಿದೆ.” ಖಾಲಾ ಅಡುಗೆಮನೆಯ ಕಡೆ ನೋಡಿದರು. “ಮುಚ್ಚಳ ತೆಗದಾವ್ರಿಗಷ್ಟ ಗೊತ್ತಿರೂ ಮಾತು ಅದು. ಇಬು ಬಿಟ್ರ, ಇನ್ನೊಬ್ಬರು ತೆಗದಾರ.”

ಫಯಾಜ ಆ ಮಾತು ಆಡಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಬೋರವ್ವನ ಟ್ರಂಕಿನೊಳಗೆ ಇಣುಕುತ್ತಿದ್ದೆ.

ಅಡುಗೆಮನೆಯ ಬಾಗಿಲಲ್ಲಿ ಫಯಾಜ ಕಪ್ಪು ಹಿಡಿದು ನಿಂತಿದ್ದರು.

“ಎಲ್ಲೈತಿ, ಫಯಾಜ?” ಖಾಲಾ ಕೇಳಿದರು. ಚಹಾಕ್ಕೆ ಸಕ್ಕರೆ ಹಾಕಿದೆಯೇನು ಎಂದು ಕೇಳಿದ ಹಾಗೆ.

ಅವರ ಕಣ್ಣುಗಳು ಅಂಗಳದಲ್ಲಿ ನಿಂತ ನಮ್ಮ ಸ್ಕೂಟರಿನ ಕಡೆ ಹೋಗಿ ಬಂದವು.

“ತಗೊಂಡು ಬಾ.”

ಸ್ಕೂಟರಿನ ಸೀಟು ಎತ್ತುವ ಸಪ್ಪಳ ಕೇಳಿತು. ಒಳಗೆ ಬಂದು ಒಂದು ಬಿಳಿಯ ಡಬ್ಬಿಯನ್ನು ಇಬು ಅವರ ಮುಂದೆ ಸ್ಟೂಲಿನ ಮೇಲಿಟ್ಟರು. ಅದನ್ನು ನಾನು ಯಾವುದಾದರೂ ಅಂಗಡಿಯಲ್ಲಿ ಕಂಡಿದ್ದರೆ ಹಾಡು ಕೇಳುವ ಇಯರ್‌ಬಡ್ ಎಂದೇ ಅನ್ನುತ್ತಿದ್ದೆ.

“ಸ್ಟೆಪ್ನಿ ತೆಗೆಯೂ ಮುಂದ ಚೀಲದಾಗಿಂದ ಜಾರಿ ಬಿದ್ದಿತ್ತು,” ಎಂದರು ಫಯಾಜ. ಹೇಳಿದ್ದು ನೆಲಕ್ಕೆ. “ತೆಗದು ನೋಡಿದೆ. ಇಯರ್‌ಬಡ್ ಅನ್ಕೊಂಡೆ. ಒಳಗಿಡಬೇಕಂತ ಕೈಯಾಗ ಹಿಡದೆ, ಕಿಸೇದಾಗ ಹೋತು. ಸಾಲ್ಯಾಗ ಎಲ್ಲಾರ ಕಿವ್ಯಾಗೂ ಅದಾವು.” ಸ್ವಲ್ಪ ತಡೆದು ನನ್ನ ಕಡೆ ನೋಡಿದರು. “ನನಗೊಂದು ಕೊಡ್ಸು ಅಂತ ನಿನಗ ಎರಡು ಸಲ ಕೇಳಿದ್ದೆ. ಮಂದಿ ಮುಂದ ನಕ್ಕಿ. ಮತ್ತ ಕೇಳೂದು ಬ್ಯಾಡ ಅನಿಸ್ತು.”

ನಿಜ. ಕೇಳಿದ್ದರು. ಈ ವಯಸ್ಸಿಗೆ ನಿಮಗೇಕೆ ಹಾಡಿನ ಹುಚ್ಚು ಎಂದು ನೆಂಟರ ಮುಂದೆ ನಗೆಯಾಡಿದ್ದೆ. ನನ್ನ ಪಗಾರ ಅವರದಕ್ಕಿಂತ ಹೆಚ್ಚು. ಅದನ್ನು ನಾನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳುವ ಅಗತ್ಯ ಬಾರದ ಹಾಗೆ ನಡೆದುಕೊಳ್ಳುತ್ತಿದ್ದೆ.

“ಮುಂಜಾನಿ ಗೊತ್ತಾತಲ್ಲ, ಕಿವಿ ಮಷೀನು ಅಂತ?” ಖಾಲಾ ಕೇಳಿದರು.

“ಗೊತ್ತಾತ್ರಿ.”

“ಕೊಡಬೇಕಿತ್ತು.”

“ಹೆಂಗ ಕೊಡ್ಲಿ ಅಂತ ತಿಳೀಲಿಲ್ಲ. ಆಮ್ಯಾಲ ಬೋರವ್ವನ ಮನ್ಯಾಗ... ಅಲ್ಲಿ ಅಂತೂ ಬಾಯೇ ಬರ್ಲಿಲ್ಲ.”

“ಬಾಯಿ ಬಂತಲ್ಲ. ಹಸರ ದೀಪ ಅಂದ್ಯಲ್ಲ,” ಎಂದರು ಖಾಲಾ. “ಮುಚ್ಚಿಡೂದು ರೂಢಿ ಇದ್ದಾವ್ರಿಗೆ ಹಂಗ ಬಾಯಿ ತಪ್ಪೂದಿಲ್ಲ. ಅದೊಂದು ನಿನ್ನ ಪುಣ್ಯ.”

ಇಬು ಯಂತ್ರಗಳನ್ನು ಕಿವಿಗೆ ಹಾಕಿಕೊಂಡರು. ಫ್ಯಾನಿನ ಸಪ್ಪಳಕ್ಕೆ ತಲೆ ಎತ್ತಿ ಮೇಲೆ ನೋಡಿದರು. ಆಮೇಲೆ ನನಗೆ ಹೇಳಿದರು, “ಆ ತಾಯಿಯ ಹತ್ತಿರ ಹೋಗಬೇಕು. ಈಗಲೇ.”

ಖಾಲಾ ಬರಲಿಲ್ಲ. “ನನ್ನ ಕೆಲಸ ಇಲ್ಲಿಗೆ ಮುಗೀತು. ಅಲ್ಲಿ ಪೊಲೀಸರ ಕೆಲಸ ಏನೂ ಇಲ್ಲ,” ಎಂದರು.

ನಾವು ಮೂವರು ತಿಕೋಟಾ ಮುಟ್ಟಿದಾಗ ಬಿಸಿಲು ಇಳಿದಿತ್ತು. ಕುರಿಗಳನ್ನು ಹಟ್ಟಿಗೆ ಕೂಡಿ ಬಂದ ಅಮೋಘಿ ಕೈಕಾಲು ತೊಳೆಯುತ್ತಿದ್ದ. ಬೋರವ್ವ ಕಟ್ಟೆಯ ಮೇಲಿದ್ದಳು. ಈ ಸಲ ಬರ್ರಿ ಎನ್ನಲಿಲ್ಲ.

ಫಯಾಜ ಅವಳ ಮುಂದೆ ನಿಂತು ಎಲ್ಲವನ್ನೂ ಹೇಳಿದರು. ತಾನು ತೆಗೆದುಕೊಂಡದ್ದು, ಸುಮ್ಮನಿದ್ದದ್ದು, ಅವಳ ಮನೆ ಹುಡುಕುವಾಗ ಪಕ್ಕದಲ್ಲಿ ನಿಂತದ್ದು. ದನಿ ಸಣ್ಣದಿತ್ತು, ಆದರೆ ಒಂದನ್ನೂ ಬಿಡಲಿಲ್ಲ. ಇಬು ನೆಲಕ್ಕೆ ಕೂತು ಬೋರವ್ವನ ಎರಡೂ ಕೈ ಹಿಡಿದರು.

“ಮಾಫ್,” ಎಂದರು. ಅವರ ಭಾಷೆಯಲ್ಲೂ ಅದಕ್ಕೆ ಅದೇ ಮಾತು. ಓಣಿಯಲ್ಲಿ ಯಾರಿಗೂ ಅನುವಾದ ಬೇಕಾಗಲಿಲ್ಲ.

“ಏಳವ್ವಾ, ನೀ ಏಳು,” ಎಂದು ಬೋರವ್ವ ಅವರನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡಳು. ಫಯಾಜರ ಕಡೆ ಒಮ್ಮೆ ನೋಡಿದಳು, ಕಣ್ಣು ತೆಗೆದುಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅಂವ ತಗೊಂಡಾನ, ಖರೆ. ನನ್ನ ಕಳ್ಳಿ ಮಾಡಿದಾಕಿ ನೀನು. ಓಣಿ ಮಂದಿಗೆ ಕೇಳೂ ಹಂಗ ಮಾಡಿದಿ. ಈಗೂ ಹಂಗ ಹೇಳು.”

ನಾನು ಎಂಬತ್ತು ಮಕ್ಕಳ ತರಗತಿಯಲ್ಲಿ ಮೈಕಿಲ್ಲದೆ ಪಾಠ ಮಾಡುತ್ತೇನೆ. ಅಂದು ನನ್ನ ದನಿ ನನಗಷ್ಟೇ ಕೇಳುವಂತಿತ್ತು. ಹೇಳಿದೆ ಎಂದುಕೊಂಡೆ.

“ಕೇಳಸ್ಲಿಲ್ಲ,” ಎಂದಳು ಬೋರವ್ವ.

ರಸ್ತೆಯ ನಡುವೆ ಹೋಗಿ ನಿಂತೆ. ಎದುರು ಮನೆಯ ಬಾಗಿಲು ತೆರೆಯಿತು, ಅದರ ಪಕ್ಕದ್ದೂ ತೆರೆಯಿತು. ಬೋರವ್ವ ಏನನ್ನೂ ತೆಗೆದುಕೊಂಡಿಲ್ಲ, ತೆಗೆದುಕೊಂಡವರು ನನ್ನ ಮನೆಯವರು, ಕೇಳದೆ ತಿಳಿಯದೆ ಅವಳ ಮೇಲೆ ಹೊರಿಸಿದವಳು ನಾನು — ಎಂದು ಕೂಗಿ ಹೇಳಿದೆ. ಬೆಳಿಗ್ಗೆ ಕೊಡ ಇಳಿಸಿ ನಿಂತ ಹೆಂಗಸರೇ ನಿಂತು ಕೇಳಿದರು. ಯಾರೂ ನಗಲಿಲ್ಲ, ಇರಲಿ ಬಿಡ್ರಿ ಎಂದೂ ಅನ್ನಲಿಲ್ಲ. ಕಸ್ತೂರಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

ಮಾತು ಮುಗಿದಾಗ ಅಮೋಘಿ ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡು ನನ್ನ ಹತ್ತಿರ ಬಂದ. ಕಿಸೆಯಿಂದ ಫೋನು ತೆಗೆದು ಒಂದು ನಂಬರು ಹಚ್ಚಿದ.

“ಇಲ್ಲಿ ಆತರಿ, ಮೇಡಂ. ಕನಮಡಿ ಹಿರಿಯಾರಿಗೂ ಹೇಳ್ರಿ,” ಎಂದು ಫೋನನ್ನು ನನ್ನ ಕೈಗೆ ಕೊಟ್ಟ.

ಆ ಕಡೆ ಯಾರೋ ಎತ್ತಿದರು. ಯಾರು ಮಾತಾಡುವುದು ಎಂದು ಕೇಳಿದರು. ನಾನು ನನ್ನ ಹೆಸರು ಹೇಳಿ ಶುರು ಮಾಡಿದೆ.